ಸುಧೆಯೂ ಸೂರ್ಯಪ್ರಕಾಶವೂ: ಕನ್ನಡನಾಡಿನ ಹಸುಗೂಸಿನ ಆಹಾರಚರಿತ್ರೆ

(೧)

"ಸುಧಾ" ಎಂಬ ಸಂಸ್ಕೃತಶಬ್ದಕ್ಕೆ ಅಮೃತವೆಂಬುದು ಒಂದು ಅರ್ಥ, ಗೋಡೆಗೆ ಬಳಿಯುವ ಸುಣ್ಣವೆಂಬುದು ಇನ್ನೊಂದು ಅರ್ಥ. ಹಾಗೆಯೇ "ಪೀಯೂಷ" ಎಂಬ ಶಬ್ದವು ದೇವತೆಗಳ ಅಮೃತವನ್ನೂ, ಈದ ಹಸುವಿನ ಹೊಸ ಹಾಲನ್ನೂ, ಎಂದರೆ ಕನ್ನಡದ "ಗಿಣ್ಣ"ನ್ನೂ, ಸಮಾನವಾಗಿ ಹೇಳುತ್ತದೆ. ಸುಧಾಶಬ್ದವು ಕನ್ನಡಕ್ಕೆ ಬಂದು "ಸೊದೆ"ಯಾಯಿತು, "ಚೂರ್ಣ"ವು "ಸುಣ್ಣ"ವಾಯಿತು. ಈಚಿನ ರಸವೈದ್ಯರು ಶಂಖ, ಮುತ್ತಿನ ಚಿಪ್ಪು, ಕವಡೆ ಮುಂತಾದ ಸುಣ್ಣದ ದ್ರವ್ಯಗಳನ್ನು ಸುಧಾವರ್ಗವೆಂದು ಒಂದೆಡೆ ಸೇರಿಸಿದರು. ಹೀಗೆ ಹಾಲು, ಸುಣ್ಣ, ಅಮೃತ ಈ ಮೂರೂ ಕೋಶಗಳಲ್ಲಿ ಒಂದರ ಪಕ್ಕದಲ್ಲಿ ಒಂದು ನಿಂತಿರುವುದನ್ನು ಕಂಡು, ಹಸುಗೂಸಿನ ಎಲುಬಿಗೆ ಹಾಲಿನೊಳಗಿನ ಸುಣ್ಣವೇ ಆಧಾರವೆಂಬ ಇಂದಿನ ಶಾಸ್ತ್ರವನ್ನು ಪೂರ್ವಿಕರು ಅರಿತಿದ್ದರೆಂದು ಹೇಳಿಬಿಡುವ ಆಸೆ ಕೆಲವರಿಗೆ ಹುಟ್ಟುವುದು ಸಹಜ. ಆದರೆ ಶಬ್ದಸಾಮ್ಯದಿಂದ ಶಾಸ್ತ್ರಜ್ಞಾನವನ್ನು ಊಹಿಸುವುದು ಯುಕ್ತವಲ್ಲ. ಸುಣ್ಣಕ್ಕೆ ಸುಧೆಯೆಂಬ ಹೆಸರು ಬಂದುದು ಅದರ ಬಿಳುಪಿನಿಂದಲೆಂದು ಹೇಳಿದರೂ ಸಾಕಾಗುತ್ತದೆ.

ಇದಕ್ಕೆ ವಿರುದ್ಧವಾಗಿ, ಹಿಂದಿನವರ ಬಾಣಂತಿತನದ ಪದ್ಧತಿಗಳೆಲ್ಲವೂ ಮೌಢ್ಯವೆಂದು ತಳ್ಳಿಹಾಕುವ ಪಕ್ಷವೂ ಒಂದುಂಟು. ಈ ಎರಡು ಪಕ್ಷಗಳಲ್ಲಿ ಯಾವುದನ್ನು ಹಿಡಿದರೂ ಕೊನೆಗೆ ಹಾನಿಯು ತೊಟ್ಟಿಲಲ್ಲಿರುವ ಕೂಸಿಗೆ ತಗಲುತ್ತದೆ. ಆದಕಾರಣ ಹೊಸದಾಗಿ ಹುಟ್ಟಿದ ಶಿಶುವಿನ ಆಹಾರದಲ್ಲಿ ಸುಣ್ಣ, ರಂಜಕ, ಡಿ ಜೀವಸತ್ವ ಇವುಗಳ ಸಮತೋಲನದ ವಿಷಯದಲ್ಲಿ ಶಾಸ್ತ್ರಗ್ರಂಥಗಳು ಏನು ಹೇಳಿವೆ, ನಾಡಿನ ಆಚಾರವು ಏನು ಮಾಡಿತು, ಈಚಿನ ಪರೀಕ್ಷೆಗಳಿಂದ ಏನು ಸಿದ್ಧವಾಯಿತು ಎಂಬ ಮೂರನ್ನೂ ಬೇರೆಬೇರೆಯಾಗಿ ಇಟ್ಟು ನೋಡುವುದು ಅವಶ್ಯ.

ಈ ವಿಚಾರಕ್ಕೆ ಸವಳಂಗದ ಸೀಮೆಯು ಒಳ್ಳೆಯ ನೆಲೆಯಾಗಿದೆ. ಶಿವಮೊಗ್ಗೆಯಿಂದ ಶಿಕಾರಿಪುರಕ್ಕೆ ಹೋಗುವ ದಾರಿಯಲ್ಲಿರುವ ಈ ಊರು ಮೊದಲು ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿನಲ್ಲಿದ್ದು, ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯು ಏರ್ಪಟ್ಟಾಗ ಆ ಜಿಲ್ಲೆಗೆ ಸೇರಿತು. ನ್ಯಾಮತಿ ತಾಲ್ಲೂಕು ಆದಮೇಲೆ ಅದರೊಳಗೆ ಬಂದಿತು. ಇದರ ಪಶ್ಚಿಮಕ್ಕೆ ಮಲೆನಾಡು. ಪೂರ್ವಕ್ಕೆ ಚನ್ನಗಿರಿಯ ಅಡಿಕೆತೋಟಗಳು. ಅದನ್ನೂ ದಾಟಿ ಈಶಾನ್ಯಕ್ಕೆ ಹೋದರೆ ಮಳೆ ಕಡಮೆಯಾದ ಜಗಳೂರಿನ ಬಯಲು. ಅಕ್ಕಿ, ರಾಗಿ, ಜೋಳ ಈ ಮೂರು ಅನ್ನಗಳೂ, ಕೆರೆನೀರು, ನಾಲೆನೀರು, ಕೊಳವೆಬಾವಿಯ ನೀರು ಈ ಮೂರು ನೀರುಗಳೂ ಈ ಸಣ್ಣ ಸೀಮೆಯಲ್ಲಿಯೇ ದೊರೆಯುತ್ತವೆ.

(೨)

ಮೊದಲು ಶಾಸ್ತ್ರಪಕ್ಷ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಜಾತಕರ್ಮ, ಸ್ತನ್ಯಪಾನ, ಧಾತ್ರೀಪರೀಕ್ಷೆ, ಕುಮಾರಾಗಾರ ಎಂಬ ವಿಷಯಗಳು ಕ್ರಮವಾಗಿ ಬಂದಿವೆ. ಕೂಸಿಗೆ ಮೊದಲು ಜೇನುತುಪ್ಪ ಮತ್ತು ತುಪ್ಪವನ್ನು ಮಂತ್ರಪೂರ್ವಕವಾಗಿ ನೆಕ್ಕಿಸಿ, ಆಮೇಲೆ ಬಲದ ಮೊಲೆಯನ್ನು ಊಡಿಸಬೇಕೆಂಬುದು ಅಲ್ಲಿಯ ವಿಧಿ. ಸುಶ್ರುತನು ತಾಯಿಗೆ ಹಾಲು ಇಳಿಯುವುದು ಮೂರು ನಾಲ್ಕು ದಿನಗಳಿಗೆ ಎಂದು ಹೇಳಿ, ಅಲ್ಲಿಯವರೆಗೆ ಮಧುಘೃತಗಳನ್ನು ಔಷಧಿಗಳೊಡನೆ ವಿಧಿಸಿದನು. ಎದೆಹಾಲು ಇಲ್ಲದೆಹೋದಲ್ಲಿ ಆಡಿನ ಹಾಲನ್ನಾಗಲಿ ಹಸುವಿನ ಹಾಲನ್ನಾಗಲಿ ಔಷಧಿಗಳಿಂದ ಸಂಸ್ಕರಿಸಿ ಕೊಡಬಹುದೆಂದು ವಾಗ್ಭಟನು ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ಅನುಮತಿ ಕೊಟ್ಟನು. ಇಲ್ಲಿ ಎಮ್ಮೆಯ ಹಾಲಿನ ಹೆಸರಿಲ್ಲವೆಂಬುದು ಗಮನಿಸತಕ್ಕದ್ದು. ಮುಂದೆ ಈ ಅಂಶವು ಪ್ರಯೋಜನಕ್ಕೆ ಬರುತ್ತದೆ.

ಅನ್ನಪ್ರಾಶನಕ್ಕೆ ಸುಶ್ರುತನೂ ಮನುವೂ ಆರನೆಯ ತಿಂಗಳನ್ನು ಹೇಳಿದರು. ಕಾಶ್ಯಪಸಂಹಿತೆಯು ಆರನೆಯ ತಿಂಗಳಿನಲ್ಲಿ ಫಲರಸಗಳನ್ನೂ, ಹತ್ತನೆಯ ತಿಂಗಳಿನಲ್ಲಿ ಅನ್ನವನ್ನೂ ವಿಧಿಸಿತು. ಆರು ತಿಂಗಳು ತುಂಬುವವರೆಗೆ ಎದೆಹಾಲಲ್ಲದೆ ಬೇರೇನನ್ನೂ ಕೊಡಬಾರದೆಂಬ ವಿಶ್ವಾರೋಗ್ಯಸಂಸ್ಥೆಯ ಇಂದಿನ ಉಪದೇಶಕ್ಕೆ ಈ ಕಾಲನಿಯಮವು ಬಹು ಸಮೀಪವಾಗಿದೆ. ಆದರೆ ಮೊದಲ ಮೂರು ದಿನ ಮೊಲೆಯೂಡಿಸದಿರುವುದೂ, ಜೇನನ್ನು ನೆಕ್ಕಿಸುವುದೂ ಇಂದಿನ ಜ್ಞಾನಕ್ಕೆ ವಿರುದ್ಧ. ಮೊದಲ ದಿನಗಳ ಗಿಣ್ಣುಹಾಲು ರೋಗನಿರೋಧಕ ದ್ರವ್ಯಗಳಿಂದ ತುಂಬಿರುವುದು. ಜೇನಿನಲ್ಲಿ ಇರಬಹುದಾದ ಒಂದು ವಿಷಾಣುಬೀಜವು ವರ್ಷ ತುಂಬದ ಮಕ್ಕಳಿಗೆ ಅಪಾಯಕರ. ಪೀಯೂಷಕ್ಕೆ ಅಮೃತವೆಂಬ ಹೆಸರನ್ನು ಕೊಟ್ಟ ಭಾಷೆಯನ್ನಾಡಿದವರೇ ಮನುಷ್ಯಶಿಶುವಿಗೆ ಅದನ್ನು ತಡೆದರೆಂಬುದು ವಿಚಿತ್ರವಾದರೂ ನಿಜ.

ಪ್ರಕೃತ ವಿಷಯಕ್ಕೆ ಹೆಚ್ಚು ಮುಖ್ಯವಾದುದು ಚರಕನ ಕುಮಾರಾಗಾರದ ವರ್ಣನೆ. ಕೂಸನ್ನಿರಿಸುವ ಮನೆಯು ಬಿರುಗಾಳಿಗೆ ಮರೆಯಾಗಿದ್ದು ಒಂದು ಕಡೆಯಿಂದ ಗಾಳಿಯಾಡುವಂತಿರಬೇಕೆಂದು ಹೇಳುವಲ್ಲಿ, ಅದು "ಅತಮಸ್ಕ"ವಾಗಿರಬೇಕು, ಎಂದರೆ ಕತ್ತಲೆಯಿಲ್ಲದುದಾಗಿರಬೇಕು, ಎಂಬ ವಿಶೇಷಣವು ಬಂದಿದೆ. ಪಾರಸ್ಕರಗೃಹ್ಯಸೂತ್ರವು ನಾಲ್ಕನೆಯ ತಿಂಗಳಿನಲ್ಲಿ ನಿಷ್ಕ್ರಮಣವನ್ನು ವಿಧಿಸಿ, ಕೂಸಿಗೆ ಸೂರ್ಯನನ್ನು ತೋರಿಸಬೇಕೆನ್ನುತ್ತದೆ. ಇವುಗಳಿಂದ ಎರಡು ಸಂಗತಿಗಳು ತಿಳಿಯಬರುತ್ತವೆ. ಬಾಣಂತಿಕೋಣೆಯನ್ನು ಕಿಟಕಿ ಮುಚ್ಚಿ ಕತ್ತಲುಮಾಡಬೇಕೆಂಬುದು ಚರಕನ ಮತವಲ್ಲ. ಅದು ಶೀತವಾಯುವಿನ ಭಯದಿಂದಲೂ ದೃಷ್ಟಿದೋಷದ ಭಯದಿಂದಲೂ ಬೆಳೆದುಬಂದ ದೇಶಾಚಾರ. ಆದರೆ ಗೃಹ್ಯಸೂತ್ರದ ಮಾತಿನಂತೆ ನಡೆದ ಮನೆಗಳಲ್ಲಿಯೂ ಮೊದಲ ಮೂರು ತಿಂಗಳು ಕೂಸಿಗೆ ಸೂರ್ಯದರ್ಶನವು ಇರಲಿಲ್ಲ. ಗ್ರಂಥವನ್ನು ಪ್ರಮಾಣವೆಂದು ಹಿಡಿಯುವವರು ಈ ಎರಡನ್ನೂ ಒಟ್ಟಿಗೆ ಹೇಳಬೇಕು.

(೩)

ಕನ್ನಡನಾಡಿನ ಸಾಕ್ಷ್ಯಗಳು ಯಾವುವು? ಸವಳಂಗದಿಂದ ಶಿಕಾರಿಪುರವನ್ನು ದಾಟಿ ಮುಂದೆ ಹೋದರೆ ಬಳ್ಳಿಗಾವೆ. ಅಲ್ಲಿಯ ಕೋಡಿಯಮಠದ ೧೧೬೨ರ ಶಾಸನವು, ಬಿ. ಎಲ್. ರೈಸ್ ಅವರು ೧೯೦೨ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿದೆ. ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ಈ ನಾಲ್ಕು ತಾಲ್ಲೂಕುಗಳ ಶಾಸನಗಳೂ ಆ ಒಂದೇ ಸಂಪುಟದಲ್ಲಿ ಸೇರಿವೆ. ಕೋಡಿಯಮಠವು ವೇದಗಳನ್ನೂ ಕೌಮಾರ, ಪಾಣಿನೀಯ, ಶಾಕಟಾಯನಾದಿ ವ್ಯಾಕರಣಗಳನ್ನೂ ದರ್ಶನಗಳನ್ನೂ ಕಲಿಸುವ ಸ್ಥಾನವಾಗಿತ್ತೆಂದು ಆ ಶಾಸನವು ವರ್ಣಿಸುವುದು ಸಾಹಿತ್ಯಜ್ಞರಿಗೆ ವಿದಿತವೇ. ಅದೇ ವರ್ಣನೆಯಲ್ಲಿ ಆ ಮಠವು ದೀನಾನಾಥರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಕೊಡುವ ಸ್ಥಾನವೆಂದೂ ಹೇಳಲ್ಪಟ್ಟಿದೆ. ಇದಾಗಿ ಒಂದು ಶತಮಾನದ ಮೇಲೆ, ೧೨೬೧ರ ಮಲ್ಕಾಪುರದ ಶಾಸನದಲ್ಲಿ, ಆಂಧ್ರದೇಶದ ಒಂದು ಶೈವಮಠಕ್ಕೆ ಆರೋಗ್ಯಶಾಲೆಯೊಡನೆ ಪ್ರಸೂತಿಶಾಲೆಯೂ ಇದ್ದುದು ಕಾಣುತ್ತದೆ. ಬಳ್ಳಿಗಾವೆಯ ಶಾಸನದಲ್ಲಿ ಪ್ರಸೂತಿಯ ಮಾತಿಲ್ಲ. ಇಲ್ಲದುದನ್ನು ಅದರ ಮೇಲೆ ಹೇರಬಾರದು. ಆದರೆ ವ್ಯಾಕರಣವನ್ನು ಓದಿಸಿದ ಮನೆಯಲ್ಲಿಯೇ ವೈದ್ಯವೂ ನಡೆಯುತ್ತಿದ್ದಿತೆಂಬಷ್ಟು ಮಾತ್ರ ನಿಸ್ಸಂಶಯ.

ಗ್ರಂಥಗಳಲ್ಲಿ, ಕಲ್ಯಾಣದ ಚಾಲುಕ್ಯದೊರೆ ಮೂರನೆಯ ಸೋಮೇಶ್ವರನು ೧೧೨೯ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಪುತ್ರೋಪಭೋಗವೆಂಬ ಪ್ರಕರಣವಿದೆ. ಪೂಜ್ಯಪಾದರ ಕಲ್ಯಾಣಕಾರಕವನ್ನು ಜಗದ್ದಳ ಸೋಮನಾಥನು ಹನ್ನೆರಡನೆಯ ಶತಮಾನದಲ್ಲಿ ಕನ್ನಡಿಸಿದನು. ಸುಮಾರು ೧೨೦೦ರವನೆಂದು ಕವಿಚರಿತೆಯಲ್ಲಿ ಎಣಿಸಲ್ಪಟ್ಟ ದೇವೇಂದ್ರಮುನಿಯು ಬಾಲಗ್ರಹಚಿಕಿತ್ಸೆಯನ್ನು ಬರೆದನು. ಕನ್ನಡದಲ್ಲಿ ಮಕ್ಕಳ ವೈದ್ಯಕ್ಕೇ ಮೀಸಲಾದ ಗ್ರಂಥವು ಅಷ್ಟು ಹಿಂದೆಯೇ ಹುಟ್ಟಿತೆಂಬುದು ಹೆಮ್ಮೆಯ ಸಂಗತಿ. ಬಾಲಗ್ರಹಗಳಲ್ಲಿ ಸ್ಕಂದಾಪಸ್ಮಾರ ಮೊದಲಾದವುಗಳ ಲಕ್ಷಣವಾಗಿ ಸುಶ್ರುತಾದಿಗಳು ಹೇಳಿದ ಸೆಳವು, ಸಂಜ್ಞಾನಾಶ, ಕೈಕಾಲು ಅದುರುವುದು ಇವು ನಾನಾ ಕಾರಣಗಳಿಂದ ಬರತಕ್ಕವು. ರಕ್ತದಲ್ಲಿ ಸುಣ್ಣದ ಅಂಶವು ಇಳಿದುಹೋಗುವುದೂ ಅವುಗಳಲ್ಲಿ ಒಂದು ಕಾರಣವೆಂಬುದು ಮುಂದೆ ವ್ಯಕ್ತವಾಗುವುದು.

ಜೈನವೈದ್ಯರ ಗ್ರಂಥಗಳಲ್ಲಿ ಇನ್ನೊಂದು ವಿಶೇಷವಿದೆ. ಉಗ್ರಾದಿತ್ಯನು ರಾಷ್ಟ್ರಕೂಟ ಅಮೋಘವರ್ಷನ ಸಭೆಯಲ್ಲಿ ಮಾಂಸಸೇವನೆಯು ಔಷಧವಾಗಿಯೂ ನಿರರ್ಥಕವೆಂದು ವಾದಿಸಿದನು. ಸೋಮನಾಥನ ಗ್ರಂಥವೂ ಮದ್ಯಮಾಂಸವರ್ಜಿತವಾದ ಚಿಕಿತ್ಸೆಯದು. ಡಿ ಜೀವಸತ್ವವು ಆಹಾರಗಳೊಳಗೆ ಮುಖ್ಯವಾಗಿ ಮೀನಿನ ಪಿತ್ತಕೋಶದಲ್ಲಿ ಅಲ್ಲ, ಅದರ ಯಕೃತ್ತಿನ ಎಣ್ಣೆಯಲ್ಲಿಯೂ, ಕೊಬ್ಬುಳ್ಳ ಮೀನಿನಲ್ಲಿಯೂ, ಸ್ವಲ್ಪವಾಗಿ ಮೊಟ್ಟೆಯ ಹಳದಿಯಲ್ಲಿಯೂ ಇರುವುದು. ಇವನ್ನು ತ್ಯಜಿಸಿದ ಜನಕ್ಕೆ ಸೂರ್ಯನೊಬ್ಬನೇ ಗತಿ. ಆದಕಾರಣ ಈ ನಾಡಿನ ಬಹುಸಂಖ್ಯೆಯ ಕುಟುಂಬಗಳಲ್ಲಿ ಬಾಣಂತಿಯನ್ನೂ ಕೂಸನ್ನೂ ಬೆಳಕಿನಿಂದ ಮರೆಮಾಡುವುದು ಇತರ ಜನರಲ್ಲಿ ಮರೆಮಾಡುವುದಕ್ಕಿಂತ ಹೆಚ್ಚು ಹಾನಿಕರವಾಗತಕ್ಕದ್ದು.

(೪)

ಈಗ ಫಕ್ಕರೋಗದ ಪ್ರಶ್ನೆ. ನೇಪಾಳದ ರಾಜಗುರು ಹೇಮರಾಜಶರ್ಮರ ಉಪೋದ್ಘಾತದೊಡನೆ ಕಾಶ್ಯಪಸಂಹಿತೆಯು ೧೯೩೮ರಲ್ಲಿ ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದಿಂದ ಹೊರಬಂದಿತು. ಅದರ ಚಿಕಿತ್ಸಾಸ್ಥಾನದಲ್ಲಿ ಫಕ್ಕವೆಂಬ ರೋಗವು ವರ್ಣಿತವಾಗಿದೆ. ವರ್ಷ ತುಂಬಿದರೂ ಹೆಜ್ಜೆಯಿಡಲಾರದ ಶಿಶುವಿಗೆ ಫಕ್ಕವೆಂದು ಹೆಸರು. ಅದು ಮೂರು ವಿಧ: ದುಷ್ಟಸ್ತನ್ಯದಿಂದ ಬರುವ ಕ್ಷೀರಜ, ಕೂಸು ಹಾಲುಕುಡಿಯುತ್ತಿರುವಾಗಲೇ ತಾಯಿಯು ಮತ್ತೆ ಗರ್ಭಿಣಿಯಾಗುವುದರಿಂದ ಬರುವ ಗರ್ಭಜ, ರೋಗಾಂತರದಿಂದ ಬರುವ ವ್ಯಾಧಿಜ. ನಿತಂಬ ಬಾಹು ತೊಡೆಗಳು ಸೊರಗುವುದು, ಹೊಟ್ಟೆಯೂ ತಲೆಯೂ ದೊಡ್ಡವಾಗಿ ಕಾಣುವುದು ಲಕ್ಷಣ. ಘೃತಪ್ರಯೋಗ, ಅಭ್ಯಂಗ ಇವುಗಳೊಡನೆ, ನಡೆಯುವ ಅಭ್ಯಾಸಕ್ಕಾಗಿ ಮೂರು ಚಕ್ರಗಳ ಒಂದು ರಥವನ್ನು ಮಾಡಿಸಬೇಕೆಂದು ಚಿಕಿತ್ಸೆ. ಕನ್ನಡನಾಡಿನ ಮನೆಗಳಲ್ಲಿ ಮಕ್ಕಳು ಹಿಡಿದು ತಳ್ಳುವ ಮರದ ಮೂರುಗಾಲಿ ಬಂಡಿಗೆ ಇದೇ ಮೂಲವೆಂದು ಸಾಧಿಸಲಾಗದಿದ್ದರೂ, ಎರಡರ ಸಾದೃಶ್ಯವು ಮನೋಹರವಾಗಿದೆ.

ಫಕ್ಕವೇ ರಿಕೆಟ್ಸ್ ಎಂಬ ಅಸ್ಥಿರೋಗವೆಂದು ಹಲವರು ಹೇಳುತ್ತ ಬಂದಿದ್ದಾರೆ. ಈ ಮತವನ್ನು ಪರೀಕ್ಷಿಸಬೇಕು. ರಿಕೆಟ್ಸಿನಲ್ಲಿ ನಡಿಗೆಯು ತಡವಾಗುವುದು, ಹಣೆಯು ಉಬ್ಬುವುದು, ಹೊಟ್ಟೆ ಮುಂದೆ ಬರುವುದು ಉಂಟು; ಇಷ್ಟು ಭಾಗ ಹೊಂದುತ್ತದೆ. ಆದರೆ ಆ ರೋಗದ ಮುಖ್ಯಚಿಹ್ನೆಗಳು ಮಣಿಕಟ್ಟು ದಪ್ಪವಾಗುವುದು, ಪಕ್ಕೆಲುಬುಗಳ ತುದಿಯಲ್ಲಿ ಮಣಿಗಳಂತೆ ಗಂಟು ಏಳುವುದು, ಕಾಲು ಬಿಲ್ಲಿನಂತೆ ಬಾಗುವುದು. ಸ್ನಾಯುಗಳು ಸೊರಗಿ ತೊಗಲು ಜೋಲುವುದು ಅದರ ಮುಖ್ಯಲಕ್ಷಣವಲ್ಲ. ಅದು ಅನ್ನಕ್ಷಯದ ಲಕ್ಷಣ. ಗರ್ಭಜಫಕ್ಕವಂತೂ ತಾಯಿಯ ಹಾಲು ಬತ್ತಿದ ಕೂಸಿನ ಸ್ಥಿತಿಯೆಂದು ಸ್ಪಷ್ಟ. ಆದಕಾರಣ ಫಕ್ಕವೆಂಬುದು ಒಂದು ರೋಗದ ಹೆಸರಲ್ಲ, ವರ್ಷವಾದರೂ ನಡೆಯದಿರುವುದೆಂಬ ಒಂದು ಲಕ್ಷಣದ ಕೆಳಗೆ ಸೇರಿದ ಹಲವು ರೋಗಗಳ ಹೆಸರು. ಕ್ಷೀರಜಫಕ್ಕದೊಳಗೆ ರಿಕೆಟ್ಸೂ ಅಡಗಿರಬಹುದು ಎಂಬುದೇ ಯುಕ್ತವಾದ ನಿರ್ಣಯ.

ಲಕ್ಷಣಮಾತ್ರದಿಂದ ರೋಗವನ್ನು ನಿಶ್ಚಯಿಸುವುದರ ಕಷ್ಟಕ್ಕೆ ಸಮೀಪದಲ್ಲಿಯೇ ಒಂದು ದೃಷ್ಟಾಂತವಿದೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ೧೯೭೫ರ ಸುಮಾರಿಗೆ ಸೊಂಟ ಮೊಣಕಾಲುಗಳ ಎಲುಬು ಕೆಟ್ಟು ಜನರು ನಡೆಯಲಾರದಾದರು. ಗದ್ದೆಗೆ ಹಾಕಿದ ಕೀಟನಾಶಕವು ಏಡಿಗಳ ಮೂಲಕ ದೇಹವನ್ನು ಸೇರಿತೆಂದೂ, ಆಹಾರದ ಕೊರತೆಯೆಂದೂ ಊಹೆಗಳು ನಡೆದವು. ಕೊನೆಗೆ ಅದು ವಂಶಾನುಗತವಾದ ರೋಗವೆಂದು ನಿರ್ಣಯವಾಯಿತು. ರೋಗಿಯು ಕಣ್ಣೆದುರಿಗಿದ್ದು ಕ್ಷಕಿರಣಯಂತ್ರವು ಕೈಯಲ್ಲಿದ್ದಾಗಲೇ ಹೀಗಾದರೆ, ತಾಳೆಯೋಲೆಯ ಕೆಲವು ಶ್ಲೋಕಗಳಿಂದ ರೋಗನಿಶ್ಚಯ ಮಾಡುವವರು ಎಷ್ಟು ಎಚ್ಚರದಿಂದಿರಬೇಕು!

(೫)

ಪಶ್ಚಿಮದೇಶಗಳಲ್ಲಿ ಫ್ರಾನ್ಸಿಸ್ ಗ್ಲಿಸನ್ ಎಂಬ ಆಂಗ್ಲವೈದ್ಯನು ೧೬೫೦ರಲ್ಲಿ ರಿಕೆಟ್ಸನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಹೊಗೆ ಕವಿದ ಕೈಗಾರಿಕಾನಗರಗಳಲ್ಲಿ ರೋಗವು ಮಿತಿಮೀರಿತು. ೧೮೯೦ರಲ್ಲಿ ಥಿಯೊಬಾಲ್ಡ್ ಪಾಮ್ ಎಂಬ ವೈದ್ಯನು, ಜಪಾನಿನಲ್ಲಿ ತಾನು ಕಂಡುದನ್ನೂ ಇತರ ಪೂರ್ವದೇಶಗಳಿಂದ ಬಂದ ಪತ್ರಗಳನ್ನೂ ಹೋಲಿಸಿ, ಬಡತನವಿದ್ದರೂ ಬಿಸಿಲಿದ್ದಲ್ಲಿ ರೋಗವಿಲ್ಲ, ಬಿಸಿಲಿನ ಅಭಾವವೇ ಅದಕ್ಕೆ ಕಾರಣವೆಂದನು. ಆ ಮಾತನ್ನು ಆಗ ಕೇಳಿದವರು ಕಡಮೆ. ೧೯೧೯ರಲ್ಲಿ ಎರಡು ಮಾರ್ಗಗಳು ಒಟ್ಟಿಗೆ ತೆರೆದವು. ಎಡ್ವರ್ಡ್ ಮೆಲನ್‌ಬಿ ನಾಯಿಮರಿಗಳಲ್ಲಿ ಆಹಾರದಿಂದಲೇ ರೋಗವನ್ನು ಹುಟ್ಟಿಸಿ ಕಾಡ್ ಮೀನಿನ ಎಣ್ಣೆಯಿಂದ ವಾಸಿಮಾಡಿದನು. ಬರ್ಲಿನಿನ ಹುಲ್ಡ್‌ಶಿನ್ಸ್ಕಿ ನೇರಳಾತೀತ ಕಿರಣಗಳ ದೀಪದಿಂದ ಮಕ್ಕಳನ್ನು ವಾಸಿಮಾಡಿದನು. ಯುದ್ಧದಿಂದ ಹಸಿದ ವಿಯೆನ್ನಾ ನಗರದಲ್ಲಿ ಹ್ಯಾರಿಯೆಟ್ ಚಿಕ್ ಮತ್ತು ಅವಳ ಸಂಗಡಿಗರು ಎರಡು ಮಾರ್ಗಗಳೂ ಫಲಕಾರಿಯೆಂದು ತೋರಿಸಿದರು. ೧೯೨೨ರಲ್ಲಿ ಮ್ಯಾಕಾಲಮ್ ಎಣ್ಣೆಯೊಳಗಿನ ದ್ರವ್ಯವನ್ನು ಎ ಜೀವಸತ್ವದಿಂದ ಬೇರ್ಪಡಿಸಿ ಗುರುತಿಸಿದನು. ಅದೇ ಡಿ ಜೀವಸತ್ವವೆನಿಸಿತು. ೧೯೨೪ರಲ್ಲಿ ಸ್ಟೀನ್‌ಬಾಕ್ ಆಹಾರಪದಾರ್ಥದ ಮೇಲೆಯೇ ಕಿರಣವನ್ನು ಬಿಟ್ಟು ಅದರಲ್ಲಿ ಈ ಗುಣವನ್ನು ಉಂಟುಮಾಡಿದನು. ಯೀಸ್ಟಿನಿಂದ ಹೀಗೆ ಪಡೆದ ದ್ರವ್ಯವು ಶಾಕಾಹಾರಿಗಳಿಗೂ ಗ್ರಾಹ್ಯವಾಯಿತು.

ಭರತಖಂಡದಲ್ಲಿ ಬಿಸಿಲಿಗೆ ಬರವಿಲ್ಲದ್ದರಿಂದ ರೋಗವೂ ಇರಲಾರದೆಂದು ಭಾವಿಸುವುದು ಸುಲಭ. ಹಚಿಸನ್ ಮತ್ತು ಶಾಹ ಎಂಬ ವೈದ್ಯರು ನಾಸಿಕದಿಂದ ೧೯೨೨ರಲ್ಲಿ ಪ್ರಕಟಿಸಿದ ಲೇಖನವು ಈ ಭಾವನೆಯನ್ನು ಮುರಿಯಿತು. ಹೊಲದಲ್ಲಿ ದುಡಿಯುವ ಬಡವರ ಮಕ್ಕಳಲ್ಲಿ ಅಪರೂಪವಾದ ರೋಗವು, ಗೋಷೆಯಲ್ಲಿ ಬಾಳುವ ಅನುಕೂಲಸ್ಥರ ಮನೆಗಳಲ್ಲಿ, ಹಾಲುತುಪ್ಪಗಳಿಗೆ ಕೊರತೆಯಿಲ್ಲದಿದ್ದರೂ, ಕಾಣಿಸಿಕೊಂಡಿತು. ಪಂಜಾಬಿನ ಕಾಂಗಡಾ ಸೀಮೆಯ ತಾಯಂದಿರಲ್ಲಿ ಅಸ್ಥಿಮಾರ್ದವವನ್ನು ಡ್ಯಾಗ್ಮಾರ್ ವಿಲ್ಸನ್ ೧೯೩೦ರ ಆಸುಪಾಸಿನಲ್ಲಿ ಪರಿಶೀಲಿಸಿದಳು. ದೋಷವು ಆಕಾಶದಲ್ಲಿರಲಿಲ್ಲ, ಮನೆಯ ಕಟ್ಟಳೆಯಲ್ಲಿತ್ತು.

(೬)

ಇನ್ನು ಸಮತೋಲನದ ತತ್ವ. ಹೈದರಾಬಾದಿನ ರಾಷ್ಟ್ರೀಯ ಪೋಷಣಸಂಸ್ಥೆಯು ಮೊದಲು ನೀಲಗಿರಿಯ ಕೂನೂರಿನಲ್ಲಿದ್ದು ೧೯೫೮ರಲ್ಲಿ ಅಲ್ಲಿಗೆ ಹೋಯಿತು. ಆ ಸಂಸ್ಥೆಯ ಪ್ರಸಿದ್ಧ ಕೋಷ್ಟಕದ ಪ್ರಕಾರ ನೂರು ಗ್ರಾಂ ಎದೆಹಾಲಿನಲ್ಲಿ ಸುಣ್ಣದ ಧಾತು, ಎಂದರೆ ಕ್ಯಾಲ್ಸಿಯಂ, ೨೮ ಮಿಲಿಗ್ರಾಂ, ರಂಜಕವು ೧೧. ಹಸುವಿನ ಹಾಲಿನಲ್ಲಿ ೧೨೦ ಮತ್ತು ೯೦. ಎಮ್ಮೆಯ ಹಾಲಿನಲ್ಲಿ ೨೧೦ ಮತ್ತು ೧೩೦. ಮೇಲುನೋಟಕ್ಕೆ ಎದೆಹಾಲು ದರಿದ್ರವೆಂದೂ ಎಮ್ಮೆಯ ಹಾಲು ಸಂಪನ್ನವೆಂದೂ ತೋರಬಹುದು. ಆದರೆ ಎದೆಹಾಲಿನಲ್ಲಿ ರಂಜಕದ ಒಂದು ಪಾಲಿಗೆ ಸುಣ್ಣವು ಎರಡೂವರೆ ಪಾಲು. ಹಸುವಿನ ಹಾಲಿನಲ್ಲಿ ಒಂದೂಕಾಲಿಗೆ ಸ್ವಲ್ಪ ಮಿಗಿಲು. ಹಸುವಿನ ಹಾಲಿನ ರಂಜಕವು ಎದೆಹಾಲಿನದರ ಎಂಟರಷ್ಟು, ಎಮ್ಮೆಯ ಹಾಲಿನದು ಸುಮಾರು ಹನ್ನೆರಡರಷ್ಟು.

ಗರ್ಭದಲ್ಲಿರುವಾಗ ಹೊಕ್ಕುಳಬಳ್ಳಿಯ ಮೂಲಕ ತಾಯಿಯ ಸುಣ್ಣವು ಎಡೆಬಿಡದೆ ಹರಿಯುತ್ತದೆ. ಹುಟ್ಟಿದೊಡನೆ ಆ ಹರಿವು ನಿಲ್ಲುವುದರಿಂದ ಮೊದಲ ಒಂದೆರಡು ದಿನಗಳಲ್ಲಿ ಕೂಸಿನ ರಕ್ತದಲ್ಲಿ ಸುಣ್ಣವು ಇಳಿದು ಆಮೇಲೆ ತಾನೇ ಸರಿಹೋಗುವುದು. ಈ ಎಳೆಯ ದೇಹಕ್ಕೆ ಹಸುವಿನ ಹಾಲನ್ನು ಹಾಗೆಯೇ ಕೊಟ್ಟರೆ, ಅದರ ರಂಜಕವನ್ನು ಹೊರಹಾಕುವ ಶಕ್ತಿಯು ಮೂತ್ರಪಿಂಡಗಳಿಗೆ ಇನ್ನೂ ಬಂದಿರುವುದಿಲ್ಲ; ರಂಜಕವು ರಕ್ತದಲ್ಲಿ ಏರಿ ಸುಣ್ಣವು ಇಳಿಯುತ್ತದೆ; ಹುಟ್ಟಿ ಒಂದು ವಾರದ ಹೊತ್ತಿಗೆ ಸೆಳವು ಕಾಣಿಸಿಕೊಳ್ಳಬಹುದು. ಹಾಲಿನಲ್ಲಿ ಸುಣ್ಣವು ನಾಲ್ಕು ಪಟ್ಟು ಇದ್ದರೂ ರಕ್ತದಲ್ಲಿ ಸುಣ್ಣವು ಕಡಮೆಯಾಗುವುದೆಂಬ ಈ ವಿರೋಧಾಭಾಸವೇ ಸಮತೋಲನವೆಂಬ ಮಾತಿನ ತಾತ್ಪರ್ಯ. ತಾಯಿಯಲ್ಲಿ ಡಿ ಜೀವಸತ್ವವು ಕಡಮೆಯಿದ್ದರೆ ಅಪಾಯವು ಇನ್ನೂ ಹೆಚ್ಚು. ಹಿಂದೆ ಬಾಲಗ್ರಹವೆಂದು ಭಾವಿಸಿ ಶಾಂತಿ ಮಾಡಿಸಿದ ಕೂಸುಗಳಲ್ಲಿ ಕೆಲವಕ್ಕೆ ಒಳಲೆಯಲ್ಲಿ ಊಡಿಸಿದ ಹಸುವಿನ ಹಾ಼ಲೇ ಗ್ರಹವಾಗಿದ್ದಿರಬಹುದು.

ಡಿ ಜೀವಸತ್ವದ ಕೆಲಸವು ಇಂತಹುದು: ಸೂರ್ಯನ ನೇರಳಾತೀತ ಕಿರಣವು ಚರ್ಮದಲ್ಲಿರುವ ಒಂದು ದ್ರವ್ಯವನ್ನು ಈ ಜೀವಸತ್ವವಾಗಿ ಮಾರ್ಪಡಿಸುತ್ತದೆ, ಅದು ಯಕೃತ್ತಿನಲ್ಲಿ ಒಮ್ಮೆ, ಮೂತ್ರಪಿಂಡದಲ್ಲಿ ಇನ್ನೊಮ್ಮೆ ರೂಪಾಂತರ ಹೊಂದಿ, ಕರುಳು ಸುಣ್ಣವನ್ನು ಹೀರುವಂತೆ ಮಾಡುತ್ತದೆ. ಎದೆಹಾಲಿನಲ್ಲಿ ಸುಣ್ಣದ ಪ್ರಮಾಣವು ತಾಯಿಯ ಊಟವನ್ನು ಹೆಚ್ಚಾಗಿ ಅವಲಂಬಿಸುವುದಿಲ್ಲ. ಕೊರತೆಯಾದರೆ ಅವಳ ಎಲುಬಿನಿಂದಲೇ ಹಾಲಿಗೆ ಬರುತ್ತದೆ. ಆದರೆ ಡಿ ಜೀವಸತ್ವವು ಹಾಗಲ್ಲ. ಅದು ತಾಯಿಯಲ್ಲಿ ಇದ್ದಷ್ಟಕ್ಕೆ ತಕ್ಕಂತೆ ಹಾಲಿನಲ್ಲಿ ಇರುವುದು, ಸಾಮಾನ್ಯವಾಗಿ ಒಂದು ಲೀಟರಿಗೆ ನೂರು ಅಂತರರಾಷ್ಟ್ರೀಯ ಏಕಮಾನಗಳನ್ನೂ ಮುಟ್ಟುವುದಿಲ್ಲ. ಕೂಸಿಗೆ ದಿನಕ್ಕೆ ಬೇಕಾದುದು ೪೦೦ ಏಕಮಾನ, ಎಂದರೆ ಒಂದು ಗ್ರಾಮಿನ ಲಕ್ಷದಲ್ಲೊಂದು ಪಾಲು. ಆದಕಾರಣ ಎದೆಹಾಲು ಸರ್ವಸಂಪನ್ನವಾದರೂ ಈ ಒಂದು ಅಂಶವನ್ನು ಮಾತ್ರ ಪ್ರಕೃತಿಯು ಸೂರ್ಯನಿಗೆ ಬಿಟ್ಟಿದೆ ಎನ್ನಬೇಕು.

ದಿನ ತುಂಬದೆ ಹುಟ್ಟಿದ ಕೂಸಿನ ಸ್ಥಿತಿ ಬೇರೆ. ಎಲುಬಿಗೆ ಬೇಕಾದ ಸುಣ್ಣರಂಜಕಗಳಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಗರ್ಭದ ಕೊನೆಯ ಮೂರು ತಿಂಗಳುಗಳಲ್ಲಿ ಸೇರುವುದರಿಂದ, ಬಹಳ ಮುಂಚೆ ಹುಟ್ಟಿದವಕ್ಕೆ ಎದೆಹಾಲಿಗೇ ಈ ಎರಡು ಧಾತುಗಳನ್ನು ಬೆರೆಸಿ ಕೊಡಬೇಕಾಗುತ್ತದೆ. ಅದು ಆಸ್ಪತ್ರೆಯಲ್ಲಿ ವೈದ್ಯರು ಮಾಡತಕ್ಕ ಕೆಲಸ.

(೭)

ಈ ತತ್ವವು ಕನ್ನಡನಾಡಿನಲ್ಲಿ ಕಾರ್ಯರೂಪಕ್ಕೆ ಬಂದ ಪ್ರಸಂಗವು ಮೈಸೂರಿನದು. ಚೆಲುವಾಂಬ ವಿಲಾಸದ ಅರಮನೆಯಲ್ಲಿ ೧೯೫೦ರ ಅಕ್ಟೋಬರಿನಲ್ಲಿ ಕೇಂದ್ರ ಆಹಾರ ಸಂಶೋಧನಾಲಯವು ತೆರೆಯಿತು. ಆಗ ಡಬ್ಬಿಯ ಶಿಶ್ವಾಹಾರವು ಹೊರದೇಶಗಳಿಂದ ಬರುತ್ತಿದ್ದಿತು. ಅದು ಹಸುವಿನ ಹಾಲಿನದು. ಈ ದೇಶದಲ್ಲಿ ಹೇರಳವಾಗಿ ದೊರೆಯುವುದು ಎಮ್ಮೆಯ ಹಾಲು. ಅದನ್ನು ಪುಡಿಮಾಡಲಾಗದೆಂದು ಪರದೇಶದ ತಜ್ಞರು ಹೇಳುತ್ತಿದ್ದುದನ್ನು ಗುಜರಾತಿನ ಆನಂದದಲ್ಲಿ ಎಚ್. ಎಂ. ದಲಾಯ ಅವರು ಸುಳ್ಳುಮಾಡಿದರು. ಅಲ್ಲಿಯ ಕಾರ್ಖಾನೆಯು ೧೯೫೫ರಲ್ಲಿ ಆರಂಭವಾಯಿತು. ಆದರೆ ಪುಡಿಯಾದ ಮಾತ್ರಕ್ಕೆ ಅದು ಕೂಸಿನ ಆಹಾರವಾಗುವುದಿಲ್ಲ. ಎಮ್ಮೆಯ ಹಾಲಿನ ಕೊಬ್ಬು ಎದೆಹಾಲಿನದರ ಸುಮಾರು ಇಮ್ಮಡಿ. ಅದು ಹೊಟ್ಟೆಯಲ್ಲಿ ಗಟ್ಟಿಯಾದ ಗರಣೆಯಾಗುವುದು. ಧಾತುಗಳ ಭಾರವು ಮೇಲೆ ಹೇಳಿದಂತೆ ಅತಿಯಾದುದು. ವಾಗ್ಭಟನು ಆಡು ಹಸುಗಳನ್ನು ಹೇಳಿ ಎಮ್ಮೆಯನ್ನು ಬಿಟ್ಟುದು ಅದರ ಗುರುತ್ವದಿಂದಲೇ ಇರಬೇಕು.

ಮೈಸೂರಿನಲ್ಲಿ ಎಂ. ಆರ್. ಚಂದ್ರಶೇಖರ ಮೊದಲಾದವರು ೧೯೫೦ರ ದಶಕದಲ್ಲಿ ಎಮ್ಮೆಯ ಹಾಲಿನ ಕೊಬ್ಬನ್ನು ತಗ್ಗಿಸಿ, ಗರಣೆಯನ್ನು ಮೃದುಗೊಳಿಸಿ, ಸಕ್ಕರೆಯನ್ನೂ ಜೀವಸತ್ವಗಳನ್ನೂ ಹೊಂದಿಸಿ, ಕೂಸಿಗೆ ಜೀರ್ಣವಾಗುವ ಪುಡಿಯನ್ನು ಸಿದ್ಧಮಾಡಿದರು. ೧೯೬೦ರ ಸುಮಾರಿಗೆ ಆನಂದದ ಸಹಕಾರಸಂಘವು ಅದನ್ನು ತಯಾರಿಸತೊಡಗಿತು. ಎದೆಹಾಲು ಸಿಕ್ಕದ ಅನಾಥಶಿಶುವಿಗೆ ಇದು ದೊಡ್ಡ ಉಪಕಾರ. ಇಂದು ಎಲ್ಲ ದೇಶಗಳಿಗೂ ಸಮಾನವಾದ ಕೋಡೆಕ್ಸ್ ನಿಯಮವು, ಶಿಶ್ವಾಹಾರದಲ್ಲಿ ರಂಜಕದ ಒಂದು ಪಾಲಿಗೆ ಸುಣ್ಣವು ಒಂದಕ್ಕೆ ಕಡಮೆಯಿಲ್ಲದೆ ಎರಡಕ್ಕೆ ಮೀರದೆ ಇರಬೇಕೆಂದು ಕಟ್ಟುಮಾಡಿದೆ.

ಉಪಕಾರವೇ ಅಪಕಾರವಾಗುವುದೂ ಉಂಟು. ಎದೆಹಾಲುಳ್ಳ ತಾಯಂದಿರೂ ಡಬ್ಬಿಗೆ ಮರುಳಾದರು. ಆದಕಾರಣ ೧೯೮೧ರಲ್ಲಿ ವಿಶ್ವಾರೋಗ್ಯಸಂಸ್ಥೆಯು ಡಬ್ಬಿಹಾಲಿನ ಜಾಹೀರಾತಿಗೆ ನಿಯಮಗಳನ್ನು ಮಾಡಿತು. ೧೯೯೨ರಲ್ಲಿ ಭಾರತವೂ ಕಾನೂನು ಮಾಡಿ ೨೦೦೩ರಲ್ಲಿ ಅದನ್ನು ಬಿಗಿಗೊಳಿಸಿತು. ಜಗಳೂರಿನಂತಹ ಕಡೆ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಅಲ್ಲಿಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಅಧಿಕ. ಪುಡಿಯನ್ನು ಆ ನೀರಿನಲ್ಲಿ ಕದಡಿದರೆ ಹಲ್ಲುಎಲುಬುಗಳಿಗೆ ಕೇಡು. ಆಹಾರದಲ್ಲಿ ಸುಣ್ಣವು ಕಡಮೆಯಿದ್ದರೆ ಕೇಡು ಹೆಚ್ಚು. ಎದೆಹಾಲಿನಲ್ಲಾದರೋ, ತಾಯಿಯು ಅದೇ ನೀರನ್ನು ಕುಡಿದರೂ, ಫ್ಲೋರೈಡು ಅತ್ಯಲ್ಪವಾಗಿಯೇ ಇಳಿಯುವುದು.

(೮)

ಆರು ತಿಂಗಳಾದ ಮೇಲಿನ ಆಹಾರದಲ್ಲಿ ಈ ಸೀಮೆಯ ಆಚಾರವು ಶ್ಲಾಘ್ಯವಾದುದು. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಜಾಲಿಸಿ ಸರಿ ಕಾಯಿಸುವುದು ಇಲ್ಲಿಯ ಪದ್ಧತಿ. ನೂರು ಗ್ರಾಂ ರಾಗಿಯಲ್ಲಿ ಸುಣ್ಣವು ೩೪೪ ಮಿಲಿಗ್ರಾಂ. ಹೊಳಪಿನ ಅಕ್ಕಿಯಲ್ಲಿ ಸುಮಾರು ೧೦. ಕನಕದಾಸರ ರಾಮಧಾನ್ಯಚರಿತೆಯಲ್ಲಿ ನರೆದಲೆಗನಿಗೆ ಜಯವಾದುದು ಬೇರೆ ಕಾರಣದಿಂದ. ಆದರೆ ಈ ಲೆಕ್ಕದಲ್ಲಿಯೂ ಜಯವು ಅವನದೇ. ಧಾನ್ಯಗಳ ಸಿಪ್ಪೆಯಲ್ಲಿ ಸುಣ್ಣವನ್ನು ಕಟ್ಟಿಹಾಕುವ ಫೈಟೇಟ್ ಎಂಬ ದ್ರವ್ಯವಿದೆ. ಮೊಳಕೆ ಬರಿಸುವುದರಿಂದ ಅದು ತಗ್ಗುತ್ತದೆ. ಕಾರಣವನ್ನರಿಯದಿದ್ದರೂ ಅಜ್ಜಿಯರು ಮಾಡಿದ ಕೆಲಸವು ಸರಿಯಾದುದು. ನಾಲೆಯ ನೀರು ಬಂದು ಅಕ್ಕಿಯು ಅಗ್ಗವಾದಲ್ಲಿ ರಾಗಿಸರಿಯನ್ನು ಬಿಡುವುದು ನಷ್ಟವೇ ಸರಿ.

ಬಾಣಂತಿಗೆ ಎಲೆಯಡಿಕೆಯನ್ನು ಸುಣ್ಣದೊಡನೆ ಕೊಡುವ ವಾಡಿಕೆಯನ್ನು ಇದೇ ನ್ಯಾಯದಿಂದ ಸಮರ್ಥಿಸುವವರಿದ್ದಾರೆ. ಸುಣ್ಣವು ತಾಯಿಯ ಎಲುಬಿಗೆ ಸ್ವಲ್ಪ ಒದಗಬಹುದು. ಆದರೆ ಹಾಲಿನ ಸುಣ್ಣವು ಅದರಿಂದ ಹೆಚ್ಚುವುದಿಲ್ಲ. ಅಡಿಕೆಯಾದರೋ ಬಾಯಿಯ ಅರ್ಬುದಕ್ಕೆ ಕಾರಣವಾಗುವ ದ್ರವ್ಯವೆಂದು ೨೦೦೪ರಲ್ಲಿ ವಿಶ್ವಾರೋಗ್ಯಸಂಸ್ಥೆಯ ಸಂಶೋಧಕರು ನಿರ್ಣಯಿಸಿದರು. ಹಾಲು, ಮಜ್ಜಿಗೆ, ರಾಗಿ, ಸೊಪ್ಪುಗಳಿಂದ ಬರುವ ಸುಣ್ಣಕ್ಕೆ ಈ ದೋಷವಿಲ್ಲ.

ಎಣ್ಣೆಯೊತ್ತಿ ಕೂಸನ್ನು ಎಳೆಬಿಸಿಲಿಗೆ ಹಿಡಿಯುವ ಆಚಾರಕ್ಕೂ ಇದೇ ಬಗೆಯ ವಿವೇಚನೆ ಬೇಕು. ಬೆಳಕಿಗೆ ತರುವುದು ಒಳ್ಳೆಯದು. ಆದರೆ ಸೂರ್ಯನು ತಗ್ಗಿನಲ್ಲಿರುವಾಗ ಜೀವಸತ್ವವನ್ನು ಹುಟ್ಟಿಸುವ ಕಿರಣಗಳು ವಾಯುಮಂಡಲದಲ್ಲಿಯೇ ಅಡಗಿಹೋಗುತ್ತವೆ. ಸವಳಂಗಕ್ಕೆ ಹೆಚ್ಚುಕಡಮೆ ಸಮಾನವಾದ ಅಕ್ಷಾಂಶದಲ್ಲಿರುವ ತಿರುಪತಿಯಲ್ಲಿ ನಡೆದ ಪರೀಕ್ಷೆಯಲ್ಲಿ, ಹನ್ನೊಂದು ಗಂಟೆಯಿಂದ ಎರಡು ಗಂಟೆಯವರೆಗಿನ ಬಿಸಿಲೇ ಈ ಕೆಲಸಕ್ಕೆ ಸಮರ್ಥವೆಂದು ಕಂಡಿತು. ಆ ಬಿಸಿಲಿನಲ್ಲಿ ಹಸುಗೂಸನ್ನು ಇಡಬಹುದೆ? ಇಡತಕ್ಕದ್ದಲ್ಲ. ಆದಕಾರಣವೇ ಭಾರತದ ಶಿಶುವೈದ್ಯರ ಪರಿಷತ್ತು ಹುಟ್ಟಿದ ಕೂಸಿಗೆ ವರ್ಷ ತುಂಬುವವರೆಗೆ ದಿನಕ್ಕೆ ೪೦೦ ಏಕಮಾನದ ಡಿ ಜೀವಸತ್ವವನ್ನು ಹನಿಯ ರೂಪದಲ್ಲಿ ಕೊಡಬೇಕೆಂದು ಹೇಳಿದೆ.

ಹನಿಯೂ ಮಿತಿ ತಪ್ಪಬಾರದು. ಎರಡನೆಯ ಮಹಾಯುದ್ಧದ ಕಾಲದಿಂದ ಬ್ರಿಟನ್ನಿನಲ್ಲಿ ಹಾಲಿನ ಪುಡಿ, ಧಾನ್ಯದ ಹಿಟ್ಟು, ಮೀನೆಣ್ಣೆ ಎಲ್ಲದರಲ್ಲಿಯೂ ಈ ಜೀವಸತ್ವವನ್ನು ತುಂಬಿದರು. ೧೯೫೦ರ ದಶಕದಲ್ಲಿ ಕೆಲವು ಕೂಸುಗಳ ರಕ್ತದಲ್ಲಿ ಸುಣ್ಣವು ವಿಪರೀತವಾಗಿ ಏರಿ, ಹಸಿವು ಕೆಟ್ಟು, ವಾಂತಿಯಾಗಿ, ಬೆಳವಣಿಗೆ ನಿಂತಿತು. ೧೯೫೭ರಲ್ಲಿ ಪ್ರಮಾಣವನ್ನು ತಗ್ಗಿಸಿದರು. ಅಂಗಡಿಯಲ್ಲಿ ದೊರೆಯುವ ಹನಿಮದ್ದುಗಳ ಬಲವು ಒಂದೊಂದರಲ್ಲಿ ಒಂದೊಂದು ಬಗೆಯಾಗಿರುವುದರಿಂದ, ಒಂದರ ಅಳತೆಯನ್ನು ಇನ್ನೊಂದಕ್ಕೆ ಹಿಡಿದರೆ ಇಂತಹ ಅನರ್ಥವು ಮತ್ತೆ ಸಂಭವಿಸಬಹುದು.

(೯)

ಮೇಲ್ಕಂಡ ವಿಚಾರದಿಂದ ಸಿದ್ಧವಾದುದೇನೆಂದರೆ: ಪ್ರಾಚೀನರು ಸ್ತನ್ಯದ ಪ್ರಾಧಾನ್ಯವನ್ನೂ, ಆರನೆಯ ತಿಂಗಳಿನ ಮರ್ಯಾದೆಯನ್ನೂ, ಕುಮಾರಾಗಾರದಲ್ಲಿ ಬೆಳಕಿರಬೇಕೆಂಬುದನ್ನೂ ಕಂಡಿದ್ದರು, ವರ್ಷವಾದರೂ ನಡೆಯದ ಕೂಸನ್ನು ರೋಗಿಯೆಂದು ಗುರುತಿಸಿದ್ದರು. ಬೆಳಕಿಗೂ ಎಲುಬಿಗೂ ಇರುವ ಸಂಬಂಧವನ್ನು, ಸುಣ್ಣಕ್ಕೂ ರಂಜಕಕ್ಕೂ ಇರುವ ಪ್ರಮಾಣವನ್ನು ಅವರು ಕಂಡಿರಲಿಲ್ಲ. ಆ ಎರಡನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಈಚೆಗೆ ಹಲವು ದೇಶಗಳ ಜನರು ಸೇರಿ ಕಂಡುಹಿಡಿದರು. ಅವರಲ್ಲಿ ಮೈಸೂರಿನವರಿಗೂ ಪಾಲುಂಟು. ದೇಶಾಚಾರದಲ್ಲಿ ರಾಗಿಸರಿಯು ಉಳಿಯತಕ್ಕದ್ದು. ಕತ್ತಲೆಯ ಕೋಣೆಯೂ ಗಿಣ್ಣುಹಾಲಿನ ನಿಷೇಧವೂ ಬಿಡತಕ್ಕವು. ಇವೆರಡನ್ನು ಬಿಡುವುದಕ್ಕೆ ಶಾಸ್ತ್ರದ್ರೋಹದ ಭಯವಿರುವವರು ಚರಕನ "ಅತಮಸ್ಕ"ವೆಂಬ ಒಂದು ವಿಶೇಷಣವನ್ನೂ, ಕೋಶಗಳಲ್ಲಿ ಪೀಯೂಷಶಬ್ದಕ್ಕಿರುವ ಎರಡು ಅರ್ಥಗಳನ್ನೂ ಮತ್ತೊಮ್ಮೆ ನೋಡುವುದು ಒಳ್ಳೆಯದು.

ದೇವೇಂದ್ರಮುನಿಯ ಬಾಲಗ್ರಹಚಿಕಿತ್ಸೆಯೇ ಮೊದಲಾದ ಕನ್ನಡ ವೈದ್ಯಗ್ರಂಥಗಳನ್ನು ಸಾಹಿತ್ಯಚರಿತ್ರೆಯ ಒಂದು ಮೂಲೆಯಲ್ಲಿ ಹೆಸರಿಸಿ ಬಿಡುವುದಷ್ಟೇ ಈವರೆಗಿನ ವಾಡಿಕೆ. ಅವುಗಳ ಭಾಷೆಯನ್ನು ಅರ್ಥಮಾಡಬಲ್ಲ ವಿದ್ವಾಂಸರೂ, ರೋಗವನ್ನು ಬಲ್ಲ ವೈದ್ಯರೂ ಒಟ್ಟಿಗೆ ಕುಳಿತು ಪಾಠಗಳನ್ನು ಪರಿಶೋಧಿಸಿದರೆ, ಈ ನಾಡಿನಲ್ಲಿ ಎಂಟುನೂರು ವರ್ಷಗಳ ಹಿಂದೆ ಕೂಸುಗಳು ಹೇಗೆ ಬದುಕಿದವು, ಯಾವುದರಿಂದ ಅಳಿದವು ಎಂಬುದು ಇನ್ನಷ್ಟು ತಿಳಿಯಬರುವುದು.